ಕೇಸರಿ ಎಷ್ಟು ಡಿಗ್ರಿ?

ಹೋದ ವರ್ಷ ಆಗಸ್ಟ್ ಮೊದಲ ವಾರ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಒಂದು ಪೋಸ್ಟರ್ ಮಾಡ್ತಾ ಕೂತಿದ್ದೆ. ಸ್ವಾತಂತ್ರ್ಯ ದಿನದ ಶುಭಾಶಯ, ಕೆಳಗೆ ಕ್ಲೈಂಟ್ ಲೋಗೋ, ಮೇಲೆ ತ್ರಿವರ್ಣ. ಡಿಸೈನ್ ಕೆಲಸ ಮಾಡೋರಿಗೆ ಗೊತ್ತು, ಈ ಪೋಸ್ಟರ್ ವರ್ಷಕ್ಕೊಮ್ಮೆ ಬಂದೇ ಬರುತ್ತೆ, ಹತ್ತು ನಿಮಿಷದ ಕೆಲಸ. ನೆಟ್‌ನಿಂದ ಕೇಸರಿಯ ಹೆಕ್ಸ್ ಕೋಡ್ ಕಾಪಿ ಮಾಡಿದೆ, ಕಲರ್ ವೀಲ್ ಟೂಲ್‌ಗೆ ಹಾಕಿದೆ. ಚಕ್ರದ ಮೇಲೆ ಒಂದು ಚುಕ್ಕೆ ಹೋಗಿ 30 ಡಿಗ್ರಿಯಲ್ಲಿ ನಿಂತಿತು.

ಹಿಂದಿನಿಂದ ಅಜ್ಜಿ ಬಗ್ಗಿ ನೋಡಿದಳು.

“ಏನ್ ಮಾಡಾಕತ್ತಿಯೋ ತಮ್ಮಾ?”

“ಬಾವುಟ, ಅಜ್ಜಿ.”

“ಯಾವ ಬಾವುಟಾ ಇದು? ಮ್ಯಾಲಿಂದು ಕೇಸರಿ ಇರಬೇಕಲ್ಲ? ಇದು ಕಿತ್ತಳಿ ಹಣ್ಣಿನ ಸಿಪ್ಪಿ ಆಗೇತಿ. ನಮ್ಮ ಸಾಲ್ಯಾಗ ಹಾರಸ್ತಿದ್ದ ಝಂಡಾ ಹಿಂಗ ಇದ್ದಿದ್ದಿಲ್ಲ.”

ಅರವತ್ತೈದು-ಎಪ್ಪತ್ತು ವರ್ಷ ಹಿಂದಿನ ಬಣ್ಣ ನಿನಗೆ ನೆನಪಿರುತ್ತಾ ಅಂತ ನಕ್ಕೆ. ಆದರೆ ಸುಮ್ಮನೆ ಒಂದು ಸಲ ಚೆಕ್ ಮಾಡೋಣ ಅಂತ ಮತ್ತೆ ಹುಡುಕಿದೆ. ಅಲ್ಲಿ ಇನ್ನೊಂದು ಕೋಡ್ ಸಿಕ್ಕಿತು, ಅದೂ ‘ಭಾರತದ ಕೇಸರಿ’ ಅಂತಲೇ. ಅದನ್ನು ಹಾಕಿದರೆ ಚುಕ್ಕೆ 19 ಡಿಗ್ರಿಗೆ ಜಾರಿತು. ಅಂದರೆ ಕೆಂಪಿನ ಕಡೆಗೆ. ಹಸಿರಿನ ಕಥೆಯೂ ಅಷ್ಟೇ: ಒಂದು ಕೋಡ್ 115 ಡಿಗ್ರಿ, ಇನ್ನೊಂದು 151. ಒಂದು ಎಲೆಹಸಿರು, ಇನ್ನೊಂದು ನೀಲಿ ಬೆರೆತ ಕಡುಹಸಿರು. ಒಂದೇ ಬಾವುಟ, ಎರಡೆರಡು ಬಣ್ಣ. ಹತ್ತು ನಿಮಿಷದ ಪೋಸ್ಟರ್ ಅಲ್ಲಿಗೆ ಕೆಟ್ಟಿತು. ನಾನು ಹುಡುಕುತ್ತಾ ಹೊರಟೆ, ಆ ಹುಡುಕಾಟ ನನ್ನನ್ನು ಸುತ್ತಿಸಿ ಕೊನೆಗೆ ನಮ್ಮ ಹುಬ್ಬಳ್ಳಿಗೇ ತಂದು ಬಿಟ್ಟಿತು.

ಮೊದಲು ಈ ಚಕ್ರದ ಬಗ್ಗೆ ಎರಡು ಮಾತು. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳು ಒಂದು ಪಟ್ಟಿಯಾಗಿ ಬೀಳುತ್ತವೆ. ಪಟ್ಟಿಗೆ ಎರಡು ತುದಿ ಇರುತ್ತವೆ, ಚಕ್ರಕ್ಕೆ ಇರಲ್ಲ. ಆ ಎರಡು ತುದಿಗಳನ್ನು ಬಗ್ಗಿಸಿ ಸೇರಿಸಿ ವೃತ್ತ ಮಾಡಿದವನು ಐಸಾಕ್ ನ್ಯೂಟನ್. 1704ರಲ್ಲಿ ಬಂದ ಅವನ ‘ಆಪ್ಟಿಕ್ಸ್’ ಪುಸ್ತಕದಲ್ಲಿ ಆ ವೃತ್ತದ ಚಿತ್ರ ಇದೆ. ಏಳು ಬಣ್ಣಗಳನ್ನು ಅವನು ಸಂಗೀತದ ಸ್ವರಗಳ ಅಂತರಕ್ಕೆ ಹೊಂದಿಸಿ ಹಂಚಿದ್ದ. ಬಣ್ಣಗಳ ‘ಹಾರ್ಮನಿ’ ಅಂತ ನಾವು ಇವತ್ತಿಗೂ ಸಂಗೀತದ ಪದವನ್ನೇ ಬಳಸ್ತೀವಲ್ಲ, ಅದಕ್ಕೆ ಈ ನಂಟು ಹಳೇದು.

ಇವತ್ತಿನ ಟೂಲ್ ಮಾಡೋದೂ ಹೆಚ್ಚು ಕಡಿಮೆ ಅದನ್ನೇ. ಕೆಂಪಿಗೆ 0 ಡಿಗ್ರಿ, ಹಸಿರಿಗೆ 120, ನೀಲಿಗೆ 240. ಒಂದು ಬಣ್ಣ ಕೊಟ್ಟರೆ ಅದಕ್ಕೆ ಎದುರಿನದು ಯಾವುದು, ಪಕ್ಕದವು ಯಾವುವು, ಸಮಾನ ಅಂತರದ ಮೂರು ಯಾವುವು ಅಂತ ಲೆಕ್ಕ ಹಾಕಿ ಪ್ಯಾಲೆಟ್ ಕೊಡುತ್ತೆ. ಎದುರು ಬದುರು ಇದ್ದರೆ ಜಗಳದಂಥ ಚೆಲುವು, ಅಕ್ಕಪಕ್ಕ ಇದ್ದರೆ ಶಾಂತಿ, ಮೂರು ಮೂಲೆಯಲ್ಲಿದ್ದರೆ ಸಮತೋಲ. ನೋಡಲಿಕ್ಕೆ ಗಣಿತ, ಹಾಗಾಗಿ ನಂಬಿಕೆ ಬರುತ್ತೆ.

ಈ ಗಣಿತವನ್ನು ಪರೀಕ್ಷೆ ಮಾಡೋಣ ಅಂತ ಅವ್ವನ ಟ್ರಂಕ್‌ನಿಂದ ಒಂದು ಇಲಕಲ್ ಸೀರೆ ತೆಗೆಸಿದೆ. ಗಿಳಿಹಸಿರು ಮೈ, ಕೆಂಪು ಸೆರಗು. ಇಲಕಲ್ ಸೀರೆಯ ಸೆರಗಿನ ಮಜಾ ಏನು ಅಂದರೆ, ಮೈ ಯಾವ ಬಣ್ಣದ್ದೇ ಇರಲಿ, ತೋಪತೆನಿ ಸೆರಗು ಕೆಂಪಿನದ್ದೇ. ಮೈಯ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸ್ತಾರೆ. ಟೂಲ್‌ಗೆ ಸೆರಗಿನ ಕೆಂಪು ಕೊಟ್ಟು ‘ಎದುರಿನ ಬಣ್ಣ ಹೇಳು’ ಅಂದೆ. ಅದು ಹಸಿರು ಹೇಳಲಿಲ್ಲ, ಆಕಾಶನೀಲಿಗೂ ಹಸಿರಿಗೂ ನಡುವಿನ ಸಯಾನ್ ಹೇಳಿತು. ಹಂಗಾದರೆ ಇಲಕಲ್ ನೇಕಾರರು ತಪ್ಪಾ? ಅಲ್ಲ. ಪರದೆಯ ಚಕ್ರ ಬೆಳಕನ್ನು ಬೆರೆಸುವ ಲೆಕ್ಕದ್ದು. ಚಿತ್ರಕಾರರ ಹಳೆಯ ಚಕ್ರ ಕೆಂಪು, ಹಳದಿ, ನೀಲಿ ಬಣ್ಣದ ಪುಡಿ ಬೆರೆಸುವ ಲೆಕ್ಕದ್ದು. ಅದರಲ್ಲಿ ಕೆಂಪಿನ ಎದುರು ಹಸಿರೇ ಇದೆ. ಅಂದರೆ ‘ಎದುರಿನ ಬಣ್ಣ’ ಅನ್ನೋದು ಪ್ರಕೃತಿಯಲ್ಲಿ ಕೊರೆದಿಟ್ಟ ಒಂದೇ ಉತ್ತರ ಅಲ್ಲ, ಯಾವ ಚಕ್ರ ಕೈಯಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ಇನ್ನೊಂದು ವಿಷಯ ಆ ಸೆರಗಿನಲ್ಲೇ ಕಣ್ಣಿಗೆ ಬಿತ್ತು. ತೋಪತೆನಿಯಲ್ಲಿ ಕೆಂಪಿನ ಪಟ್ಟೆಗಳ ನಡುನಡುವೆ ಬಿಳಿ ಇರುತ್ತೆ. ಬಿಳಿ ಯಾಕೆ? ಟೂಲ್‌ಗೆ ಬಿಳಿ ಕೊಟ್ಟು ನೋಡಿದೆ. ಚುಕ್ಕೆಗೆ ಹೋಗಲಿಕ್ಕೆ ಜಾಗವೇ ಇಲ್ಲ. ಬಿಳಿಗೆ ಡಿಗ್ರಿ ಇಲ್ಲ. ಚಕ್ರದ ಅಂಚಿನಲ್ಲಿ ಎಲ್ಲೂ ಅದರ ಮನೆ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಪಕ್ಕದ ಬಣ್ಣ ಇನ್ನೊಂದು ಬಣ್ಣವನ್ನು ಹೇಗೆ ಬದಲಿಸುತ್ತೆ ಅನ್ನೋದನ್ನು ಮೊದಲು ಕೂಲಂಕಷವಾಗಿ ಬರೆದಿಟ್ಟವನೂ ನೇಯ್ಗೆಯ ಲೋಕದವನೇ. ಪ್ಯಾರಿಸ್‌ನ ಗೋಬ್ಲಾಂ ಅನ್ನುವ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರಪಟಗಳನ್ನು ನೇಯ್ತಿದ್ದರು. ಅಲ್ಲಿನ ಬಣ್ಣಗಾರಿಕೆ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಶೆವ್ರೋಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥನಾದ. ಕಪ್ಪು ದಾರ ಮಂಕಾಗಿದೆ, ನೀಲಿ-ನೇರಳೆ ಪಕ್ಕದಲ್ಲಿ ಕಪ್ಪು ಕಪ್ಪಾಗಿ ಕಾಣಲ್ಲ ಅಂತ ದೂರು. ಅವನು ಬೇರೆ ಕಡೆಯ ಕಪ್ಪು ದಾರ ತರಿಸಿ ಹೋಲಿಸಿದ. ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ತೊಂದರೆ ಪಕ್ಕದ ಬಣ್ಣದ್ದು! ಪ್ರತಿ ಬಣ್ಣವೂ ಪಕ್ಕದ್ದನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತೆ ಅಂತ ಅವನು 1839ರ ತನ್ನ ಪುಸ್ತಕದಲ್ಲಿ ವಿವರವಾಗಿ ತೋರಿಸಿದ. ಬಣ್ಣ ಒಂಟಿಯಾಗಿ ಬದುಕಲ್ಲ, ನೆರೆಹೊರೆಯ ಜತೆ ಬದುಕುತ್ತೆ. ನಮ್ಮ ಓಣಿಯ ಹಾಗೆ.

ಈಗ ಕೇಸರಿಗೆ ಬರ್ತೀನಿ. ಬಾವುಟದಲ್ಲಿ ಯಾವ ಬಣ್ಣದ ಪಕ್ಕ ಯಾವುದು ಅಂತ ತೀರ್ಮಾನ ಆದದ್ದು ಹೇಗೆ?

ಗಾಂಧೀಜಿ 1921ರಲ್ಲಿ ಬಯಸಿದ್ದ ಬಾವುಟದಲ್ಲಿ ಕೇಸರಿಯೇ ಇರಲಿಲ್ಲ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೇಲೊಂದು ಚರಕ. ಕೆಂಪು ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದ ಎಲ್ಲ ಧರ್ಮದವರದ್ದು ಅಂತ ಅವರ ವಿವರಣೆ. ಈ ಬಾವುಟವನ್ನು ಹಿಡಿದು ನಡೆಯುವುದೇ ಅಪರಾಧ ಅಂದಾಗ 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಲ್ಲಿಗೆ ಹೋಗಿ ಜೈಲು ಸೇರಿದವರಲ್ಲಿ ನಮ್ಮ ಹುಬ್ಬಳ್ಳಿ ಸೇವಾ ಮಂಡಲದವರೂ ಇದ್ದರು. ಕ್ಷಮೆ ಬರೆದುಕೊಟ್ಟು ಹೊರಗೆ ಬರಲು ಅವರು ಒಪ್ಪಲಿಲ್ಲ. ಆ ಗಟ್ಟಿತನ ಇಡೀ ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಅದನ್ನು ಕಟ್ಟಿದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಧಾರವಾಡದಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್‌ನಲ್ಲೂ ಕಲಿತು ಬಂದು, ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಯುವಕರಿಗೆ ಶಿಸ್ತು ಕಲಿಸಿದವರು.

ಅಷ್ಟರಲ್ಲಿ ಬಣ್ಣಗಳ ಈ ಹಂಚಿಕೆಯೇ ತಲೆನೋವಾಗಿತ್ತು. ಒಂದು ಧರ್ಮಕ್ಕೆ ಒಂದು ಬಣ್ಣ ಅಂದ ಮೇಲೆ ‘ನಮ್ಮ ಬಣ್ಣ ಎಲ್ಲಿ?’ ಅಂತ ಸಿಖ್ಖರು ಕೇಳಿದರು. ಕೇಳಿದ್ದು ಸರಿಯೇ. 1931ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ಇದಕ್ಕಾಗಿ ಏಳು ಜನರ ಧ್ವಜ ಸಮಿತಿ ಮಾಡಿದರು. ವಲ್ಲಭಭಾಯಿ ಪಟೇಲ್, ಜವಾಹರಲಾಲ್ ನೆಹರು, ಮೌಲಾನಾ ಆಜಾದ್, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ, ಏಳನೆಯವರು ನಮ್ಮ ಹರ್ಡೀಕರ್. ಈ ಹೆಸರು ಓದಿದಾಗ ನಾನು ಕೂತಲ್ಲಿಂದ ಎದ್ದು ಒಂದು ಚಹಾ ಮಾಡಿಕೊಂಡು ಬಂದೆ. ದೇಶದ ಬಾವುಟಕ್ಕೆ ಬಣ್ಣ ಆರಿಸುವ ಸಮಿತಿಯಲ್ಲಿ ನಮ್ಮೂರಿನವರೊಬ್ಬರು ಇದ್ದರು ಅಂತ ನನಗೆ ಯಾವ ಪಾಠದಲ್ಲೂ ಓದಿದ ನೆನಪಿಲ್ಲ.

ಸಮಿತಿ ಏನು ಹೇಳಿತು ಗೊತ್ತಾ? ಒಂದೇ ಬಣ್ಣ ಸಾಕು. ಪೂರ್ತಿ ಕೇಸರಿ, ಮೂಲೆಯಲ್ಲಿ ಒಂದು ಚರಕ. ಅವರ ಯೋಚನೆ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಬಣ್ಣಗಳನ್ನು ಹಂಚಿದರೆ ಜಗಳ ಬರುತ್ತೆ, ಹಾಗಾದರೆ ಹಂಚುವುದೇ ಬೇಡ, ಎಲ್ಲರಿಗೂ ಸೇರಿ ಒಂದೇ ಇರಲಿ. ಡಿಸೈನ್ ಭಾಷೆಯಲ್ಲಿ ಇದು ಮಾನೋಕ್ರೋಮ್. ಕ್ಲೈಂಟ್ ಕಡೆಯ ಐದು ಜನ ಐದು ಬಣ್ಣ ಕೇಳಿದಾಗ ನಾವೂ ಹೀಗೇ ಮಾಡ್ತೀವಿ.

ಆದರೆ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಇದನ್ನು ಒಪ್ಪಲಿಲ್ಲ. ಮೂರು ಬಣ್ಣ ಉಳಿಯಿತು. ಬದಲಾದದ್ದು ಮೂರು: ಕೆಂಪು ಹೋಗಿ ಕೇಸರಿ ಬಂತು, ಬಣ್ಣಕ್ಕೆ ಧರ್ಮದ ಅರ್ಥ ಇಲ್ಲ, ಧೈರ್ಯ-ತ್ಯಾಗ, ಶಾಂತಿ-ಸತ್ಯ, ಶ್ರದ್ಧೆ-ಶೌರ್ಯ ಅಂತ ಗುಣಗಳ ಅರ್ಥ ಬಂತು, ಮತ್ತೆ, ಮೇಲಿದ್ದ ಬಿಳಿ ನಡುವೆ ಬಂತು. ಈ ಮೂರನೆಯದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ನನಗೆ ಮಾತ್ರ ಅದೇ ದೊಡ್ಡದು ಅನಿಸುತ್ತೆ. ಮೊದಲಿನ ಬಾವುಟದಲ್ಲಿ ಹಸಿರು ಮತ್ತು ಕೆಂಪು ಒಂದಕ್ಕೊಂದು ಅಂಟಿಕೊಂಡಿದ್ದವು. ಶೆವ್ರೋಲ್ ಹೇಳಿದ ತಳ್ಳಾಟ ಅಲ್ಲಿ ಜೋರಾಗಿರುತ್ತೆ. ಎರಡೂ ಸೇರುವ ಗೆರೆಯಲ್ಲಿ ಕಣ್ಣು ಅದುರುತ್ತೆ. ಬೇಕಿದ್ದರೆ ಪರದೆ ಮೇಲೆ ಕೆಂಪು-ಹಸಿರು ಪಟ್ಟಿ ಒತ್ತಾಗಿಟ್ಟು ನೋಡಿ. ನಡುವೆ ಬಿಳಿ ಬಂದ ಮೇಲೆ ಎರಡೂ ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿ ನಿಂತವು. ಅವರು ಇದನ್ನು ಬಣ್ಣಶಾಸ್ತ್ರಕ್ಕಾಗಿ ಮಾಡಿದರು ಅಂತ ನಾನು ಹೇಳ್ತಿಲ್ಲ. ಚಕ್ರದಲ್ಲಿ ಜಾಗವೇ ಇಲ್ಲದ ಬಣ್ಣ, ಒಂದು ಕಾಲಕ್ಕೆ ‘ಉಳಿದ ಎಲ್ಲರೂ’ ಅನಿಸಿಕೊಂಡಿದ್ದ ಬಣ್ಣ, ಉಳಿದೆರಡನ್ನೂ ಹಿಡಿದಿಡುವ ಕೆಲಸ ಮಾಡ್ತಿದೆ ಅಂತ ಮಾತ್ರ ಹೇಳ್ತಿದೀನಿ.

ಅದೇ 1931ರಲ್ಲಿ, ಒಂದೇ ತಿಂಗಳ ಅಂತರದಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇನ್ನೊಂದು ಸಭೆ ನಡೆಯಿತು. ಬೆಳಕಿನ ಅಳತೆಗಾಗಿ ಇರುವ ಅಂತಾರಾಷ್ಟ್ರೀಯ ಆಯೋಗದ ಸಭೆ, ಸಿಐಇ ಅಂತಾರೆ. ಬಣ್ಣವನ್ನು ಹೆಸರಿನಿಂದಲ್ಲ, ಅಂಕಿಯಿಂದ ಹೇಳೋದು ಹೇಗೆ ಅನ್ನೋದು ಅವರ ಪ್ರಶ್ನೆ. ಅದಕ್ಕೂ ಮೊದಲು ರೈಟ್ ಮತ್ತು ಗಿಲ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಪ್ರಯೋಗ ಮಾಡಿದ್ದರು. ಒಟ್ಟು 17 ಜನರನ್ನು ಕೂರಿಸಿ, ಒಂದು ಕಡೆ ಒಂದು ಬಣ್ಣದ ಬೆಳಕು ತೋರಿಸಿ, ಇನ್ನೊಂದು ಕಡೆ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಅದಕ್ಕೆ ಸರಿ ಹೊಂದಿಸಿ ಅಂದಿದ್ದರು. ಆ 17 ಜನರ ಕಣ್ಣಿನ ಸರಾಸರಿಯ ಮೇಲೆ ಜಗತ್ತಿನ ಬಣ್ಣದ ನಕಾಶೆ ತಯಾರಾಯಿತು. ಇವತ್ತು ನಿಮ್ಮ ಫೋನ್ ಪರದೆ ತೋರಿಸುವ ಬಣ್ಣದ ವ್ಯಾಪ್ತಿಯನ್ನೂ ಆ ನಕಾಶೆಯ ಮೇಲೆಯೇ ಗುರುತಿಸ್ತಾರೆ.

ಎರಡೂ ದಾರಿ ಕೂಡಿದ್ದು ಸ್ವಾತಂತ್ರ್ಯ ಬಂದ ಮೇಲೆ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರು ಮಂಡಿಸಿದ ನಿರ್ಣಯದಲ್ಲಿ ಬರೀ ಕೇಸರಿ ಅಂತಿರಲಿಲ್ಲ, ಗಾಢ ಕೇಸರಿ ಅಂತಿತ್ತು. ಬರೀ ಹಸಿರು ಅಲ್ಲ, ಗಾಢ ಹಸಿರು. ಆದರೆ ಗಾಢ ಅಂದರೆ ಎಷ್ಟು? ಒಬ್ಬೊಬ್ಬ ಬಣ್ಣಗಾರನ ಗಾಢ ಒಂದೊಂದು. ಹೊಸದಾಗಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ 1951ರಲ್ಲಿ ತನ್ನ ಮೊಟ್ಟಮೊದಲ ಮಾನಕ ಬರೆದದ್ದು ಇದಕ್ಕೇ. ಸಿಮೆಂಟಿಗಲ್ಲ, ಉಕ್ಕಿಗಲ್ಲ, ಬಾವುಟಕ್ಕೆ. ಐಎಸ್ 1. ಆಮೇಲೆ 1964 ಮತ್ತು 1968ರಲ್ಲಿ ತಿದ್ದಿದರು. ಅದರಲ್ಲಿ ಬಣ್ಣಗಳನ್ನು ಸಿಐಇ 1931ರ ಅಂಕಿಗಳಲ್ಲಿ ಹೇಳಿದ್ದಾರೆ. ಕೇಸರಿ: 0.538, 0.360, ಹೊಳಪು 21.5. ಬಿಳಿಯ ಹೊಳಪು 72.6. ಹಸಿರಿನದು 8.9.

ಆ ಅಂಕಿಗಳನ್ನು ಕೂತು ಪರದೆಯ ಬಣ್ಣಕ್ಕೆ ಪರಿವರ್ತಿಸಿದೆ. ನನ್ನ ಲೆಕ್ಕದ ಪ್ರಕಾರ ಕೇಸರಿ ಸುಮಾರು 12 ಡಿಗ್ರಿಗೆ ಬಂತು! ನಾನು ಹಾಕಿದ್ದ 30 ಎಲ್ಲಿ, ಇದೆಲ್ಲಿ. ಪರದೆಯ ಕಿತ್ತಳೆಗಿಂತ ಹೆಚ್ಚು ಕೆಂಪು, ಹೆಚ್ಚು ಕಡು. ಸುಟ್ಟ ಇಟ್ಟಿಗೆಗೆ ಹತ್ತಿರ. ಅಜ್ಜಿಯ ನೆನಪು ಮಾನಕ ಸಂಸ್ಥೆಗೆ ಹತ್ತಿರ ಇತ್ತು, ನನ್ನ ಹೆಕ್ಸ್ ಕೋಡ್ ಇರಲಿಲ್ಲ.

ಆ ಹೊಳಪಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. 21.5, 72.6, 8.9. ಚಕ್ರ ತೋರಿಸೋದು ದಿಕ್ಕು ಮಾತ್ರ. ಬಣ್ಣ ಎಷ್ಟು ಹೊಳೆಯುತ್ತೆ, ಎಷ್ಟು ಗಟ್ಟಿ ಅಂತ ತಿಳಿಯಲು ಇನ್ನೆರಡು ಅಳತೆ ಬೇಕು. ಬಾವುಟ ದೂರದಿಂದಲೂ, ಮೋಡ ಕವಿದ ದಿನವೂ ಮೂರು ಪಟ್ಟೆಯಾಗಿಯೇ ಕಾಣೋದು ಬರೀ ಕೋನದಿಂದಲ್ಲ, ಈ ಹೊಳಪಿನ ಏರಿಳಿತದಿಂದ.

ಆಮೇಲೆ ನಾನು ಖಾದಿ ಅಂಗಡಿಗೆ ಹೋಗಿ ಒಂದು ಬಾವುಟ ತಂದೆ. ಬೆಂಗೇರಿಯದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರ ನವೆಂಬರ್ 1ರಂದು ಶುರುವಾದದ್ದು. ಅಲ್ಲಿ ಬಾವುಟದ ಘಟಕ ಶುರುವಾಗಿದ್ದು 2004ರ ಸುಮಾರಿಗೆ, ಆಮೇಲೆ ಐಎಸ್‌ಐ ಗುರುತೂ ಸಿಕ್ಕಿತು. ಬಾವುಟದ ಬಟ್ಟೆ ನೇಯುವುದಕ್ಕೆ ನಮ್ಮ ಧಾರವಾಡದ ಗರಗ ಅದಕ್ಕೂ ಮೊದಲೇ ಹೆಸರಾಗಿತ್ತು. ಬೆಂಗೇರಿಗೆ ಬಟ್ಟೆ ಬಾಗಲಕೋಟೆ ಕಡೆಯಿಂದಲೂ ಬರುತ್ತೆ. ಬಟ್ಟೆಯನ್ನು ಮೂರು ಪಾಲು ಮಾಡಿ ಕೇಸರಿ, ಬಿಳಿ, ಹಸಿರಿಗೆ ತಯಾರು ಮಾಡ್ತಾರೆ. ಬಿಳಿಯ ಮೇಲೆ ನೀಲಿ ಚಕ್ರ ಅಚ್ಚು ಹಾಕ್ತಾರೆ; 24 ಗೆರೆ, ಎರಡೂ ಕಡೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಆಮೇಲೆ ಪಟ್ಟೆ ಜೋಡಿಸಿ ಹೊಲಿಗೆ. 150 ಮಿಲಿಮೀಟರ್ ಉದ್ದದ ಮೇಜಿನ ಬಾವುಟದಿಂದ 6300 ಮಿಲಿಮೀಟರ್ ಉದ್ದದ ದೊಡ್ಡ ಬಾವುಟದವರೆಗೆ ಒಂಬತ್ತು ಅಳತೆ. ಈ ಕೆಲಸ ಮಾಡೋರಲ್ಲಿ ಹೆಚ್ಚಿನವರು ಹೆಂಗಸರು. ಬಣ್ಣ ಅಳತೆಗೆ ಹೊಂದಬೇಕು, ಬಿಸಿಲಿಗೆ, ನೀರಿಗೆ ತಡೆಯಬೇಕು. ಇಲ್ಲದಿದ್ದರೆ ಅದು ಬಾವುಟ ಅನಿಸಿಕೊಳ್ಳಲ್ಲ.

ಅಂದರೆ ನಾನು ‘ಪಿಕ್ಸೆಲ್ ಪರ್ಫೆಕ್ಟ್’ ಅಂತ ಜಂಬ ಕೊಚ್ಚಿಕೊಳ್ಳುವ ಕೆಲಸವನ್ನು, ನಮ್ಮ ಮನೆಯಿಂದ ಎರಡು ಬಸ್ ದೂರದಲ್ಲಿ, ಈ ಹೆಣ್ಣುಮಕ್ಕಳು ದಾರ ಮತ್ತು ಬಣ್ಣದ ತೊಟ್ಟಿಯಲ್ಲಿ ಮಾಡ್ತಿದ್ದಾರೆ. ನನಗೆ ಕೈಕೊಟ್ಟರೆ ಅನ್‌ಡೂ ಇದೆ. ಅವರಿಗಿಲ್ಲ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ಮಾಡಿದ ಬಾವುಟ, ಪಾಲಿಯೆಸ್ಟರ್ ಬಾವುಟ ಎರಡಕ್ಕೂ ಅನುಮತಿ. ಮರುವರ್ಷ ಮನೆಮನೆಯಲ್ಲಿ ಬಾವುಟ ಹಾರಿತು. ಕೈಗೆಟಕುವ ಬೆಲೆಗೆ ಎಲ್ಲರಿಗೂ ಬಾವುಟ ಸಿಗಬೇಕು ಅನ್ನೋದು ಕೆಟ್ಟ ಮಾತಲ್ಲ, ನಮ್ಮ ಮನೆ ಮೇಲೂ ಹಾರಿಸಿದ್ದು ಅಂಥದ್ದನ್ನೇ. ಆದರೆ ಆ ವರ್ಷ ಬೀದಿಯಲ್ಲಿ ನಾನು ಕಂಡ ಕೇಸರಿಗಳು ಹತ್ತಾರು ಥರ. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಗುಲಾಬಿಗೆ. ಬೆಂಗೇರಿಯವರು ತಿದ್ದುಪಡಿಯನ್ನು ವಿರೋಧಿಸಿದರು. ಅವರಿಗೆ ಅದು ಅನ್ನದ ಪ್ರಶ್ನೆ. ನಮಗೆ? ಒಂದು ಅಳತೆಯನ್ನು ಎಲ್ಲರ ಪರವಾಗಿ ಕಾಯುವವರು ಕಡಿಮೆಯಾದರೆ, ಆಮೇಲೆ ಯಾರ ಪ್ರಿಂಟರ್ ಹೇಳಿದ್ದೋ ಅದೇ ಕೇಸರಿ. ನನ್ನಂಥವನು ಕಾಪಿ ಮಾಡಿದ ಕೋಡೇ ಕೇಸರಿ.

ಕಲರ್ ವೀಲ್ ಟೂಲನ್ನು ನಾನು ಈಗಲೂ ದಿನಾ ಬಳಸ್ತೀನಿ. ಅದು ಒಳ್ಳೆಯ ಸಾಧನ. ಆದರೆ ಅದು ಹೇಳೋದು ಬಣ್ಣಗಳ ನಡುವಿನ ಕೋನವನ್ನು ಮಾತ್ರ. ಆ ಬಣ್ಣಕ್ಕಾಗಿ ಯಾರು ಜೈಲಿಗೆ ಹೋದರು, ‘ನಮ್ಮದೆಲ್ಲಿ’ ಅಂತ ಯಾರು ಕೇಳಿದರು, ಒಂದೇ ಬಣ್ಣ ಸಾಕು ಅಂದಾಗ ಬೇಡ ಅಂದವರು ಯಾರು, ಇದು ಚಕ್ರದಲ್ಲಿ ಇರಲ್ಲ. ಬಿಳಿಯೂ ಇರಲ್ಲ.

ಪೋಸ್ಟರ್ ಕಳಿಸಲು ಆಗಸ್ಟ್ 13ರ ರಾತ್ರಿ ಆಯಿತು. ಕೇಸರಿ ಬದಲಿಸಿದ್ದೆ. ‘ಕಲರ್ ಸ್ವಲ್ಪ ಡಲ್ ಆಯ್ತು, ಬ್ರೈಟ್ ಮಾಡಿ’ ಅಂತ ಆ ಕಡೆಯಿಂದ ಮೆಸೇಜ್ ಬಂತು. ಬಾವುಟದ ಬಣ್ಣ ಬ್ರೈಟ್ ಮಾಡಲಿಕ್ಕೆ ಬರಲ್ಲ, ಹಿನ್ನೆಲೆ ಬೇಕಿದ್ದರೆ ಬದಲಿಸ್ತೀನಿ ಅಂತ ಉತ್ತರ ಬರೆದೆ. ಹಿನ್ನೆಲೆಯನ್ನು ತಿಳಿಬೂದಿಯಿಂದ ಬಿಳಿಗೆ ತಂದೆ. ಅವರು ಒಪ್ಪಿದರು.

ಬೆಳಿಗ್ಗೆ ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಖಾದಿ ಬಾವುಟವನ್ನು ಪರದೆಯ ಪಕ್ಕ ಹಿಡಿದು, ಬಹಳ ಹೊತ್ತು ನೋಡಿದಳು.

“ಹಾಂ, ಈಗ ಹೊಂದತೈತಿ,” ಅಂದಳು. ಆಮೇಲೆ, “ಈ ಝಂಡಾ ಯಾರ್ ಹೊಲದಾರೋ? ಹೊಲಿಗಿ ಛಲೋ ಐತಿ.”